ಮಕ್ತಲ್ ದನದ ದವಾಖಾನೆಗೆ ಫಾರ್ಸಿ ಪದವೀಧರನ ನೇಮಕ

ಮನುಷ್ಯ ಯಾವ ಕೆಲಸವನ್ನು ಓದಿ ಕಲಿತಿದ್ದಾನೋ ಆ ಕೆಲಸವನ್ನು ಅವನ ಕೈಗೆ ಕೊಡತಕ್ಕದ್ದಲ್ಲ ಎಂಬ ನಿಯಮವು ಹೈದರಾಬಾದ್ ರಾಜ್ಯದ ಮಕ್ತಲ್ ಮತ್ತು ಗದ್ವಾಲ ತಾಲೂಕುಗಳಲ್ಲಿ, ಪೊಲೀಸ್ ಕಾರ್ಯಾಚರಣೆಯಾದ ಎರಡನೇ ವರ್ಷದಲ್ಲಿ ಜಾರಿಗೆ ಬಂತು. ಇಂಥ ನಿಯಮ ಎಲ್ಲಿಂದ ಬಂತು ಎಂದು ಹೊರಗಿನವರು ಕೇಳುತ್ತಾರೆ. ಸೀರೆಯಿಂದ ಬಂತು.

ನಿಜಾಮರ ಕಾಲದ ಅಧಿಕಾರಿಗಳಲ್ಲಿ ಕೆಲವರು ತಾವೇ ಹೋಗಿದ್ದರು, ಕೆಲವರನ್ನು ಕಳಿಸಿದ್ದರು. ಕಚೇರಿಯ ಒಳಗೆ ಖುರ್ಚಿಗಳು ಖಾಲಿ. ಹೊರಗೆ ಬೇವಿನ ಮರದ ಕೆಳಗೆ ಹೈದರಾಬಾದಿನಲ್ಲಿ ಓದಿ ಬಂದ ಹುಡುಗರು ಅರ್ಜಿ ಹಿಡಿದು ಕೂತಿದ್ದರು. ಹೊರಗಿನವರನ್ನು ಕರೆದು ಒಳಗೆ ಕೂಡಿಸಿದರೆ ಮುಗಿಯಿತು. ಆದರೆ ಇಷ್ಟು ಸುಲಭದ ಕೆಲಸಕ್ಕೆ ಸರ್ಕಾರ ವಿಶೇಷಾಧಿಕಾರಿಯನ್ನು ಕಳಿಸುವುದಿಲ್ಲ ಎಂಬುದು, ಮದರಾಸು ಕಡೆಯಿಂದ ಬಂದಿದ್ದ ನೇಮಕಾತಿ ವಿಶೇಷಾಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸ ಸುಲಭವೆಂದು ಗೊತ್ತಾದರೆ ಅಧಿಕಾರಿ ಬೇಡವಾಗುತ್ತಾನೆ. ಅದಕ್ಕೇ ಸಾಹೇಬರು ಒಂದು ತತ್ವ ಹುಡುಕುತ್ತಿದ್ದರು. ಹುಡುಗರು ಕಾಯುತ್ತಿದ್ದರು.

ತತ್ವ ಗದ್ವಾಲದಲ್ಲಿ ಸಿಕ್ಕಿತು. ಹೆಂಡತಿಗೆ ಸೀರೆ ಕೊಳ್ಳಲು ಸಾಹೇಬರು ನೇಕಾರರ ಓಣಿಗೆ ಹೋಗಿದ್ದರು. ತಿರುಪತಮ್ಮ ಎಂಬಾಕೆ ಮಗ್ಗದ ಮುಂದೆ ಸೀರೆ ಬಿಚ್ಚಿ ತೋರಿಸಿ ರೇಟು ಹೇಳಿದಳು. ಸಾಹೇಬರು ಇಷ್ಟು ಯಾಕೆ ಎಂದರು.

"ನೋಡ್ರಿ ಸಾಹೇಬ್ರ, ಒಡಲು ಹತ್ತಿ, ಅಂಚು ರೇಷ್ಮಿ. ಬ್ಯಾರೆ ಬ್ಯಾರೆ ನೂಲು. ಅದರಾಗ ಐತ್ರಿ ಕಿಮ್ಮತ್ತು."

"ಎರಡೂ ಒಂದೇ ನೂಲಾದರೆ?"

"ಅರ್ಧ ರೇಟಿಗೆ ಸಂತ್ಯಾಗ ಸಿಗತೈತಿ, ಒಯ್ಯಿರಿ. ಅದನ್ನ ನೋಡಿ ಅಮ್ಮಾರು ನಿಮ್ಮನ್ನ ಮನಿ ಒಳಗ ಕರಕೊಂಡ್ರ ಬಂದು ನನಗ ಹೇಳ್ರಿ."

ಸಾಹೇಬರು ಸೀರೆಯನ್ನೂ ಕೊಂಡರು, ತತ್ವವನ್ನೂ ಕೊಂಡರು. ಮರುದಿನ ಹೊರಟ ಆಜ್ಞೆ ಹೀಗಿತ್ತು:

"ಪದವಿಯು ಅಂಚು, ನೌಕರಿಯು ಒಡಲು. ಎರಡೂ ಒಂದೇ ನೂಲಾದಲ್ಲಿ ಬೆಲೆ ಅರ್ಧಕ್ಕೆ ಇಳಿಯುವುದೆಂದು ಸ್ಥಳ ತನಿಖೆಯಿಂದ ಸಿದ್ಧವಾಗಿದೆ. ಆದಕಾರಣ ಓದಿದ ವಿಷಯದಲ್ಲಿ ಯಾರಿಗೂ ನೌಕರಿ ಕೊಡತಕ್ಕದ್ದಲ್ಲ. ತಿಳಿಯದ ಕೆಲಸ ಮಾಡುವವನ ಕಷ್ಟ ಹೆಚ್ಚಾದ್ದರಿಂದ ಅವನಿಗೆ ಪಗಾರದ ಮೇಲೆ ಅಪರಿಚಯ ಭತ್ಯೆ ಕೊಡತಕ್ಕದ್ದು. ವಿಷಯಕ್ಕೂ ಕೆಲಸಕ್ಕೂ ದೂರ ಹೆಚ್ಚಿದಷ್ಟೂ ಭತ್ಯೆ ಹೆಚ್ಚು. ಆರು ತಿಂಗಳಿಗೊಮ್ಮೆ ಅಜ್ಞಾನ ತಪಾಸಣೆ ನಡೆಯುವುದು. ಅಷ್ಟರೊಳಗೆ ಕೆಲಸ ಕಲಿತುಬಿಟ್ಟವನಿಂದ ಭತ್ಯೆ ವಸೂಲು ಮಾಡಿ ಅವನನ್ನು ವಜಾ ಮಾಡಲಾಗುವುದು."

ನೇಮಕ ಭರದಿಂದ ನಡೆಯಿತು. ಗಣಿತ ಓದಿದವನು ಉಂಡವಳ್ಳಿಯ ಸಾಲುಮರಗಳಿಗೆ ನೀರು ಹಾಕಿಸಲು ಹೋದ. ಸಸ್ಯಶಾಸ್ತ್ರ ಓದಿದವನು ಅಲಂಪುರದ ಕಲ್ಲು ವಿಗ್ರಹಗಳ ಮೇಲ್ವಿಚಾರಣೆಗೆ ಹೋದ. ಇತಿಹಾಸ ಓದಿದವನು ಕೋಸಗಿ ಮಾರುಕಟ್ಟೆಯ ತಕ್ಕಡಿಗಳನ್ನು ಪರೀಕ್ಷಿಸಲು ಹೋದ. ಹಿಂದೆ ಎಷ್ಟು ಮೋಸವಾಗಿದೆ ಎಂಬುದನ್ನು ಮಾತ್ರ ಸರಿಯಾಗಿ ಹೇಳುತ್ತಿದ್ದ. ನಾರಾಯಣಪೇಟೆಯ ಗುತ್ತೇದಾರರ ಮಗ ಮೆಟ್ರಿಕ್ಕಿನಲ್ಲಿ ಒಂದು ವಿಷಯವನ್ನೂ ಬಿಡದೆ ಫೇಲಾಗಿದ್ದ. ಯಾವ ವಿಷಯದ ಹತ್ತಿರಕ್ಕೂ ಸುಳಿಯದವನಾದ್ದರಿಂದ ಎಲ್ಲ ಕೆಲಸಗಳಿಂದಲೂ ಅವನು ಸಮಾನ ದೂರದಲ್ಲಿದ್ದಾನೆ ಎಂದು ಲೆಕ್ಕ ಹಾಕಿ, ಅವನನ್ನು ಎಲ್ಲರ ಮೇಲಿನ ಇನ್ಸ್‌ಪೆಕ್ಟರ್ ಮಾಡಿದರು. ಅವನ ಭತ್ಯೆ ಪಗಾರವನ್ನು ಮೀರಿತು. ಇದರಲ್ಲಿ ಗುತ್ತೇದಾರರ ಕೈವಾಡವಿದೆ ಎಂದು ಕೆಲವರು ಆಡಿಕೊಂಡರು. ಅದು ತಪ್ಪು. ನಿಯಮದ ಪ್ರಕಾರವೇ ಆಗಿತ್ತು. ಗುತ್ತೇದಾರರು ಕೊಟ್ಟ ಜೀಪು ಆಮೇಲೆ ಬಂದದ್ದು.

ಈ ಕಾಲದಲ್ಲಿ ಮಕ್ತಲಿನ ಸಂಗಮ್ಮ ತನ್ನ ಮಗ ಅಯ್ಯಣ್ಣನನ್ನು ಕರೆದುಕೊಂಡು ಕಚೇರಿಗೆ ಬಂದಳು. ಅಯ್ಯಣ್ಣ ಹೈದರಾಬಾದಿನಲ್ಲಿ ದನದ ವೈದ್ಯಕೀಯ ಓದಿ ಪಾಸಾಗಿದ್ದ. ಅವನನ್ನು ಓದಿಸಿದ್ದು ಸಂಗಮ್ಮನ ಎಮ್ಮೆ. ಅದರ ಹಾಲು, ಮೊಸರು, ಬೆಣ್ಣೆ. ಹಿಂದಿನ ಸಲ ಆ ಎಮ್ಮೆ ಈಯುವಾಗ ಕರು ಅಡ್ಡ ಬಂದು ಒಳಗೇ ಸತ್ತಿತ್ತು. ಎಮ್ಮೆ ಉಳಿದದ್ದೇ ಹೆಚ್ಚು. ಈಗ ಮತ್ತೆ ಗಬ್ಬವಾಗಿತ್ತು. ಊರಿನ ದನದ ದವಾಖಾನೆಗೆ ಬೀಗ ಬಿದ್ದಿತ್ತು.

ಸಾಹೇಬರು ಅರ್ಜಿದಾರರ ಮುಖ ನೋಡುತ್ತಿರಲಿಲ್ಲ. ಮುಖ ನೋಡಿದರೆ ಪಕ್ಷಪಾತ ಬರುತ್ತದೆ ಎಂದು ಅವರು ಕಾಗದವನ್ನೇ ನೋಡುತ್ತಿದ್ದರು.

"ಸಾಹೇಬ್ರ, ನಮ್ಮೂರ ದನದ ದವಾಖಾನಿ ಬಾಗಲಾ ಹಾಕೈತ್ರಿ. ನನ್ನ ಮಗ ದನದ ಡಾಕ್ಟರಿಕಿ ಓದ್ಯಾನ. ಬೀಗದ ಕೈ ಅವಗ ಕೊಟ್ರ ಆತಲ್ರಿ" ಎಂದಳು ಸಂಗಮ್ಮ.

"ಅಮ್ಮಾ, ಅವನು ಅದನ್ನು ಓದಿದ್ದಾನೆ. ಅದೇ ತೊಂದರೆ."

"ಓದಿದ್ದು ತಪ್ಪಾತೇನ್ರಿ?"

"ತಪ್ಪಲ್ಲ. ಅರ್ಧ ಬೆಲೆ."

"ಹಂಗಾರ ನನ್ನ ಎಮ್ಮಿಗೆ ಯಾರ್ರೀ ದಿಕ್ಕು?"

"ತುಂಬಾ ದೂರದ ವಿಷಯದವರನ್ನು ಕಳಿಸುತ್ತೇವೆ. ನಿಶ್ಚಿಂತೆಯಿಂದಿರಿ."

ಹಾಗೆಯೇ ಮಾಡಿದರು. ಗದ್ವಾಲದ ಭೀಮಯ್ಯ ಎಂಬ ಹುಡುಗ ಫಾರ್ಸಿ ಓದಿದ್ದ. ಅವನನ್ನು ಮಕ್ತಲಿನ ದನದ ದವಾಖಾನೆಗೆ ಡಾಕ್ಟರಾಗಿ ನೇಮಿಸಿದರು. ಗದ್ವಾಲದ ದಫ್ತರದಲ್ಲಿ ಹಳೆಯ ಫಾರ್ಸಿ ಕಾಗದಗಳ ಗಂಟುಗಳು ಬಿದ್ದಿದ್ದವು. ಅವುಗಳ ತರ್ಜುಮೆಗೆ ಅಯ್ಯಣ್ಣನನ್ನು ನೇಮಿಸಿದರು.

ಕಚೇರಿಯ ಕಡತ ನೋಡಿಕೊಳ್ಳುವ ಪೇಷ್ಕಾರ ರಾಮುಲು ಆಜ್ಞೆಯ ಕಾಗದ ಕೊಟ್ಟ. ಸರ್ಕಾರ ಬದಲಾಗಿತ್ತು, ಪೇಷ್ಕಾರ ಬದಲಾಗಿರಲಿಲ್ಲ. ಹಿಂದೆ "ನಾಳೆ ಬಾ" ಎಂದು ಉರ್ದುವಿನಲ್ಲಿ ಹೇಳುತ್ತಿದ್ದವನು ಈಗ ತೆಲುಗು, ಕನ್ನಡ ಎರಡರಲ್ಲೂ ಹೇಳುತ್ತಿದ್ದ.

"ಪೇಷ್ಕಾರ್ರ, ನನಗ ಫಾರ್ಸಿ ಒಂದಕ್ಷರ ಬರಂಗಿಲ್ರಿ" ಎಂದ ಅಯ್ಯಣ್ಣ.

"ಮೆಲ್ಲಕ ಹೇಳಪಾ. ಹೊರಗಿನ ಹುಡುಗ್ರು ಕೇಳಿದ್ರ ಹೊಟ್ಟಿ ಉರಕೊಂತಾರ."

ಅಯ್ಯಣ್ಣ ಬಟ್ಟೆಬರೆಯ ಗಂಟು ಕಟ್ಟಿಕೊಂಡು ಕೃಷ್ಣಾ ನದಿಯ ದಂಡೆಗೆ ಬಂದ. ಆಚೆ ದಾಟಿದರೆ ಗದ್ವಾಲ. ಆಗಷ್ಟೇ ಆ ಕಡೆಯಿಂದ ಬಂದ ಹರಗೋಲಿನಿಂದ ಒಬ್ಬ ಹುಡುಗ ಇಳಿದು, ಮೇಯುತ್ತಿದ್ದ ಎಮ್ಮೆಗಳನ್ನು ಕಂಡು ಅಲ್ಲೇ ನಿಂತುಬಿಟ್ಟ. ಅವನೇ ಭೀಮಯ್ಯ. ಮಾತಿಗೆ ಮಾತು ಬಂದು ಇಬ್ಬರಿಗೂ ಗುರುತು ಸಿಕ್ಕಿತು.

"ಎಮ್ಮಿ ಒದೀತಾವೇನ್ರಿ?" ಎಂದ ಭೀಮಯ್ಯ.

"ಯಾವ ಕಡೆ ನಿಂತೀರಿ ಅನ್ನೋದರ ಮ್ಯಾಲೈತಿ."

"ಯಾವ ಕಡೆ ನಿಂತ್ರ ಒದಿಯಂಗಿಲ್ಲ?"

"ಗದ್ವಾಲದ ಕಡೆ."

ಭೀಮಯ್ಯ ಕಿಸೆಯಿಂದ ತನ್ನ ಆಜ್ಞೆಯ ಕಾಗದ ತೆಗೆದು ಅಯ್ಯಣ್ಣನ ಕೈಗಿಟ್ಟ. ಅಯ್ಯಣ್ಣ ತನ್ನದನ್ನು ಅವನಿಗೆ ಕೊಟ್ಟ. ಅಂದಿನಿಂದ ಮಕ್ತಲಿನ ಅಯ್ಯಣ್ಣ ಸರ್ಕಾರಕ್ಕೆ ಭೀಮಯ್ಯನಾದ. ಗದ್ವಾಲದ ಭೀಮಯ್ಯ ಅಯ್ಯಣ್ಣನಾದ. ಇಬ್ಬರೂ ತಮ್ಮ ತಮ್ಮ ಊರಿಗೆ ಹೊರಟರು. ಹರಗೋಲಿನ ಕುರುಮಯ್ಯ ಮಾತ್ರ ಅಯ್ಯಣ್ಣನ ದಾರಿಗೆ ಅಡ್ಡ ನಿಂತ.

"ನಿನ್ನ ರೊಕ್ಕ?"

"ನಾ ದಾಟೇ ಇಲ್ಲಲ್ಲೋ ಮಾವಾ."

"ದಾಟೋ ಮನಸು ಮಾಡಿದ್ದಿಲ್ಲ? ಸರ್ಕಾರ ಮಾಡದಿದ್ದ ಕೆಲಸಕ್ಕ ಪಗಾರ ಕೊಡತೈತಿ. ನನಗ್ಯಾಕಿಲ್ಲ?"

ನ್ಯಾಯದ ಮಾತು. ಅಯ್ಯಣ್ಣ ಕೊಟ್ಟ.

ದವಾಖಾನೆಯ ಬೀಗ ತೆರೆಯಿತು. ಎತ್ತುಗಳ ಹುಣ್ಣು ಮಾಯ್ದವು, ಹಸುಗಳ ಕೆಚ್ಚಲು ಬಾವು ಇಳಿಯಿತು. ಡಾಕ್ಟರು ಸಂಗಮ್ಮನ ಮಗನೇ ಎಂಬುದು ಊರಿಗೆಲ್ಲ ಗೊತ್ತಿತ್ತು, ಕಚೇರಿಗೆ ಗೊತ್ತಿರಲಿಲ್ಲ. ಕಚೇರಿ ಊರನ್ನು ಕೇಳಲಿಲ್ಲ, ಊರು ಕಚೇರಿಗೆ ಹೇಳಲಿಲ್ಲ. ರಾಮುಲು ಒಂದು ದಿನ ಬಂದ, ಮುಖ ನೋಡಿದ, ನಕ್ಕ, ಅಂಗೈ ಚಾಚಿದ. ತಿಂಗಳ ಮಾಮೂಲು ನಿಗದಿಯಾಯಿತು. ಅದಕ್ಕೆ ಅವನು ಗುರುತು ಭತ್ಯೆ ಎಂದು ಹೆಸರಿಟ್ಟ.

ಸಂಗಮ್ಮನದೇ ಕಷ್ಟ.

"ಹೆತ್ತಾಕಿ ನಾನು, ಹೆಸರಿಟ್ಟಾಕಿ ನಾನು. ಈಗ ಕರಿಯಾಕ ಸರ್ಕಾರದ ಪರವಾನಗಿ ಬೇಕೇನೋ?"

"ಅವ್ವಾ, ನಿನ್ನ ಕೈ ಮುಗೀತೀನಿ. ನಾಲ್ಕು ಮಂದಿ ಮುಂದ ಭೀಮಯ್ಯ ಅನ್ನು. ಬಾಯಿ ತಪ್ಪಿದ್ರ ನನ್ನ ನೌಕರಿ ಹೋಗತೈತಿ, ದವಾಖಾನಿ ಮತ್ತ ಬಾಗಲಾ ಹಾಕತೈತಿ. ಎಮ್ಮಿ ಗತಿ ಏನು?"

ಎಮ್ಮೆಯ ಹೆಸರೆತ್ತಿದ ಮೇಲೆ ಸಂಗಮ್ಮ ಒಪ್ಪಿದಳು.

ಆರು ತಿಂಗಳಿಗೆ ಸಾಹೇಬರು ಗುತ್ತೇದಾರರ ಜೀಪಿನಲ್ಲಿ, ರಾಮುಲುವನ್ನು ಹಿಂದೆ ಕೂಡಿಸಿಕೊಂಡು ಅಜ್ಞಾನ ತಪಾಸಣೆಗೆ ಬಂದರು. ದವಾಖಾನೆಯ ಖುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದರು.

"ಎಮ್ಮೆಗೆ ಜ್ವರ ಬಂದರೆ ಏನು ಮಾಡುತ್ತೀರಿ?"

"ಕಂಬಳಿ ಹೊಚ್ಚಿ ಮಾತಾಡಸ್ತೀನ್ರಿ" ಎಂದ ಅಯ್ಯಣ್ಣ.

"ಎತ್ತಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಎಷ್ಟು?"

"ನಕ್ಕಾಗ ಎಣಿಸಿ ಹೇಳತೀನ್ರಿ."

ಸಾಹೇಬರು ತೃಪ್ತಿಯಿಂದ ತಲೆಯಾಡಿಸಿದರು. ಮೊಹರು ಒತ್ತುವಷ್ಟರಲ್ಲಿ ಸಂಗಮ್ಮ ಓಡಿ ಬಂದಳು. ತಲೆಯ ಮೇಲಿನ ಸೆರಗು ಜಾರಿತ್ತು.

"ಡಾಕ್ಟರ್ರ, ಬರ್ರಿ! ಎಮ್ಮಿ ಬಿದ್ದೈತ್ರಿ. ಹೋದ ಸಲದಂಗ ಕರು ಅಡ್ಡ ಬಂದೈತಿ."

"ಒಳ್ಳೆಯದಾಯಿತು. ಪ್ರತ್ಯಕ್ಷ ತಪಾಸಣೆಯೂ ಮುಗಿದುಹೋಗಲಿ" ಎಂದು ಸಾಹೇಬರು ಎದ್ದರು.

ದವಾಖಾನೆಯ ಹಿಂದೆಯೇ ಇದ್ದ ಸಂಗಮ್ಮನ ಮನೆಯ ಹಿತ್ತಲಲ್ಲಿ ಎಮ್ಮೆ ಮಲಗಿ ಒದ್ದಾಡುತ್ತಿತ್ತು. ಅಯ್ಯಣ್ಣ ನೋಡಿದ. ಕೈ ಹಾಕಿ ಸರಿಮಾಡಿದರೆ ಎಮ್ಮೆ ಉಳಿಯುತ್ತದೆ, ಆದರೆ ಕೆಲಸ ಬಲ್ಲವನೆಂದು ನೌಕರಿ ಹೋಗುತ್ತದೆ. ಸುಮ್ಮನೆ ನಿಂತರೆ ನೌಕರಿ ಉಳಿಯುತ್ತದೆ, ಎಮ್ಮೆ ಸಾಯುತ್ತದೆ. ಅವನು ತೋಳು ಮೇಲೇರಿಸಿ ಕೈಗೆ ಎಣ್ಣೆ ಹಚ್ಚಿಕೊಂಡ.

"ಎಣ್ಣೆ ಯಾಕೆ?" ಎಂದರು ಸಾಹೇಬರು.

"ಕೈ ಒಡದಾವ್ರಿ ಚಳಿಗೆ."

"ಒಳಗೆ ಏನು ಹುಡುಕುತ್ತಿದ್ದೀರಿ?"

"ಗೊತ್ತಿಲ್ರಿ. ಸಿಕ್ಕಮ್ಯಾಲ ಹೇಳತೀನಿ."

"ಸಿಕ್ಕಿತೇ?"

"ಕಾಲಿದ್ದಂಗ ಐತ್ರಿ. ಯಾರದ್ದೋ."

ಅವನು ಹಲ್ಲು ಕಚ್ಚಿ ಕರುವನ್ನು ಒಳಕ್ಕೆ ಒತ್ತಿ, ಮಡಚಿಕೊಂಡಿದ್ದ ಕಾಲನ್ನು ಬಿಡಿಸುತ್ತಿದ್ದ. ಸಾಹೇಬರು ಬಗ್ಗಿ ನೋಡಿದರು.

"ಇದೇನು, ಒಳಕ್ಕೆ ತಳ್ಳುತ್ತಿದ್ದೀರಿ? ಹೊರಕ್ಕೆ ಎಳೆಯಬೇಕಲ್ಲವೇ?"

"ತಿಳಿದೋರು ಎಳೀತಾರೇನೋ ಸಾಹೇಬ್ರ. ನಾ ಫಾರ್ಸಿ ಓದಿದಾಂವ."

ಸಾಹೇಬರು ರಾಮುಲುವಿನ ಕಡೆ ತಿರುಗಿ, "ನೋಡಿದಿರಾ?" ಎಂದರು. ರಾಮುಲು, "ಇಂಥಾ ಅಜ್ಞಾನ ನಿಜಾಮರ ಕಾಲದಾಗೂ ನೋಡಿದ್ದಿಲ್ರಿ" ಎಂದ.

ಎಮ್ಮೆ ಒಮ್ಮೆ ಕತ್ತೆತ್ತಿ ಅರಚಿ, ಕಣ್ಣು ಮೇಲೆ ಮಾಡಿತು. ಸಂಗಮ್ಮನಿಗೆ ಹೋದ ಸಲದ್ದೆಲ್ಲ ಕಣ್ಣಿಗೆ ಕಟ್ಟಿತು. ಅವಳ ಬಾಯಿಂದ ಬಂದುಬಿಟ್ಟಿತು:

"ಅಯ್ಯಣ್ಣಾ! ಕೈ ಬಿಡಬ್ಯಾಡೋ ನನ್ನಪ್ಪಾ!"

ರಾಮುಲು ಕೆಮ್ಮಿದ. ತಿಂಗಳ ಮಾಮೂಲು ಅವನ ಕಣ್ಣ ಮುಂದೆ ಹಾದುಹೋಯಿತು. ಸಾಹೇಬರು ನಿಧಾನವಾಗಿ ನೆಟ್ಟಗಾದರು.

"ಅಯ್ಯಣ್ಣ ಯಾರು? ಗದ್ವಾಲ ದಫ್ತರದಲ್ಲಿರುವವನ ಹೆಸರಲ್ಲವೇ ಅದು?"

ಆ ಗಳಿಗೆಗೆ ಕರು ಜಾರಿ ಹೊರಗೆ ಬಿತ್ತು. ಅಯ್ಯಣ್ಣ ಅದರ ಮೂಗು ಒರೆಸಿದ. ಕರು ಸೀನಿತು. ಸಂಗಮ್ಮ ಅದರ ಕಡೆ ಬೆರಳು ಮಾಡಿದಳು.

"ಇದ್ರಿ ಸಾಹೇಬ್ರ. ಇದ ಅಯ್ಯಣ್ಣ. ಹುಟ್ಟೂಕಿಂತ ಮೊದ್ಲ ಹೆಸರಿಟ್ಟಿದ್ದೆ."

ಸಾಹೇಬರು ಕರುವನ್ನು ಹಿಂದೆ ಮುಂದೆ ನೋಡಿದರು. ಅವರಿಗೂ ಒಂದು ಸಂಶಯ ಬಂತು.

"ಇದು ಹೆಣ್ಣು ಕರುವಲ್ಲವೇ? ಏನು ಡಾಕ್ಟರೇ, ಗಂಡೋ ಹೆಣ್ಣೋ?"

ಅಯ್ಯಣ್ಣ ಕೈ ಒರೆಸಿಕೊಳ್ಳುತ್ತ ಕರುವನ್ನು ಬಹಳ ಹೊತ್ತು ನೋಡಿದ.

"ಅಷ್ಟು ನನಗ ತಿಳಿಯಂಗಿಲ್ರಿ" ಎಂದ.

ಸಾಹೇಬರು ಅಲ್ಲೇ, ಎಮ್ಮೆಯ ಪಕ್ಕದಲ್ಲೇ ಮೊಹರು ಒತ್ತಿದರು.

ಹೈದರಾಬಾದಿಗೆ ಹೋದ ವರದಿಯಲ್ಲಿ ಹೀಗಿತ್ತು: "ಫಾರ್ಸಿ ಪದವೀಧರನು ಯಾವುದೇ ತಿಳುವಳಿಕೆಯ ಸಹಾಯವಿಲ್ಲದೆ, ಗಂಡು ಹೆಣ್ಣಿನ ಭೇದವನ್ನೂ ಅರಿಯದೆ, ಅಡ್ಡ ಬಂದ ಕರುವನ್ನು ಜೀವಂತವಾಗಿ ಹೊರತೆಗೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಗದ್ವಾಲದ ದಫ್ತರದಲ್ಲಿ, ದನದ ವೈದ್ಯಕೀಯ ಓದಿದವನು ಫಾರ್ಸಿ ಕಾಗದಗಳನ್ನು ತಲೆಕೆಳಗಾಗಿ ಹಿಡಿದುಕೊಂಡೇ ತಪ್ಪಿಲ್ಲದೆ ತರ್ಜುಮೆ ಮಾಡುತ್ತಿದ್ದಾನೆ. ಓದಿದವರಿಂದ ಇಂಥ ಕೆಲಸ ಸಾಧ್ಯವಿಲ್ಲ. ತತ್ವವು ಸಿದ್ಧವಾಗಿದೆ."

ನಿಯಮವನ್ನು ಇಡೀ ಜಿಲ್ಲೆಗೆ ವಿಸ್ತರಿಸಿದರು. ಸಾಹೇಬರಿಗೆ ಬಡ್ತಿ ಬಂತು. ತಿರುಪತಮ್ಮ ಸೀರೆಯ ರೇಟು ಏರಿಸಿ, ಕೇಳಿದವರಿಗೆ "ಸರ್ಕಾರಾನ ನನ್ನ ಮಾತು ಕೇಳತೈತಿ, ನೀನ್ಯಾವ ಲೆಕ್ಕ" ಎಂದಳು. ಹೆಣ್ಣು ಕೊಡುವವರು ಹುಡುಗ ಏನು ಓದಿದ್ದಾನೆ ಎಂದು ಕೇಳುವುದನ್ನು ಬಿಟ್ಟರು. "ನಿಮ್ಮ ಹುಡುಗಗ ಏನೇನು ಬರಂಗಿಲ್ರಿ?" ಎಂದು ಕೇಳುತ್ತಾರೆ. ಹುಡುಗನ ತಂದೆ ಹೆಮ್ಮೆಯಿಂದ ಹೇಳುತ್ತಾನೆ. ಇದು ಅನ್ಯಾಯ ಎಂದು ಯಾರೂ ಹೇಳಲಿಲ್ಲವೇ ಎಂದರೆ, ಹೇಳಬೇಕಾದವರಿಗೆಲ್ಲ ತಿಂಗಳ ಒಂದನೇ ತಾರೀಕು ಭತ್ಯೆ ಬರುತ್ತಿತ್ತು.

ಆದರೆ ಅಯ್ಯಣ್ಣ ಯಾರು ಎಂದು ಸಾಹೇಬರು ಕೇಳಿದ ಪ್ರಶ್ನೆಯನ್ನು ತಪಾಸಣೆಯ ಕಾಗದದಲ್ಲಿ ಬರೆದದ್ದು ಹಾಗೆಯೇ ಉಳಿದುಕೊಂಡಿದೆ. ರಾಮುಲು ಆಗಾಗ ಬಂದು ಹೋಗುತ್ತಾನೆ. ಹಾಗಾಗಿ ಸಂಗಮ್ಮ ಮನೆಯ ಒಳಗೂ ಮಗನನ್ನು ಭೀಮಯ್ಯ ಎಂದೇ ಕರೆಯುತ್ತಾಳೆ. ಸಂಜೆ ಹೊತ್ತು ಹಿತ್ತಲ ಬಾಗಿಲಲ್ಲಿ ನಿಂತು "ಅಯ್ಯಣ್ಣಾ" ಎಂದು ಕೂಗಿದರೆ ಕರು ಕುಣಿಯುತ್ತ ಬರುತ್ತದೆ. ಮೊದಮೊದಲು ಒಳಗಿನಿಂದ ಮಗನೂ ಎದ್ದು ಬರುತ್ತಿದ್ದ. ಈಗ ಏಳುವುದಿಲ್ಲ.