ಇನ್‌ಫ್ರಾರೆಡ್ ರೀಲಿನ ಪಜೀತಿಗಳು

ಮಧುಗಿರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡ ನನಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ನಗುವುದನ್ನು ಬಿಟ್ಟು ಬಹಳ ಕಾಲವಾಯಿತು, ನೋಡಿದವರು ಬಿಟ್ಟಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲು. ನನ್ನ ಹೊಟ್ಟೆ ತುಂಬಿಸುವುದು ಪಾಸ್‌ಪೋರ್ಟ್ ಫೋಟೋ. ಆದರೂ ಒಂದು ಚಟ ಅಂಟಿದೆ, ಇನ್‌ಫ್ರಾರೆಡ್ ಫಿಲಂ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಕಪ್ಪು-ಬಿಳುಪು ರೀಲು ಅದು. ಅದರಲ್ಲಿ ಹಸಿರೆಲೆ ಬೆಳ್ಳಗೆ, ನೀಲಿ ಆಕಾಶ ಕಪ್ಪಗೆ ಬರುತ್ತದೆ. ಅದನ್ನು ಹಾಕುವುದು, ಮೋಟಾರಿನಿಂದ ತಾನೇ ರೀಲು ಎಳೆದುಕೊಳ್ಳುವ ನನ್ನ ಹಳೇ ಕ್ಯಾಮೆರಾಕ್ಕೆ. ಎರಡಕ್ಕೂ ಜಾತಕ ಕೂಡಿಬಂದಿಲ್ಲ.

ಚಳಿಜ್ವರ

ಈ ರೀಲನ್ನು ಗವ್ವೆನ್ನುವ ಕತ್ತಲಲ್ಲೇ ಕ್ಯಾಮೆರಾಕ್ಕೆ ಹಾಕಬೇಕು. ಬರಗೂರಿಗೆ ಒಂದು ಹುಣಸೆಮರದ ಫೋಟೋ ತೆಗೆಯಲು ಹೋದಾಗ ಮಟಮಟ ಮಧ್ಯಾಹ್ನ. ಕತ್ತಲು ಎಲ್ಲಿಂದ ತರಲಿ? ಮರದ ಪಕ್ಕದ ಮನೆಯ ಅಜ್ಜಿಯಿಂದ ಕಂಬಳಿಗಳನ್ನು ಇಸಿದುಕೊಂಡು, ಜಗುಲಿಯ ಮೇಲೆ ಮುಸುಕು ಹೊದ್ದು ಕೂತೆ. ಒಳಗೇ ತಡಕಾಡಿ ರೀಲು ಹಾಕಿ ಮುಚ್ಚಿದೊಡನೆ ಮೋಟಾರು ಕಟಕಟ ಎಂದು ಎಳೆಯತೊಡಗಿತು. ಹೊರಗೆ ಪಕ್ಕದ ಮನೆಯವಳು ಇದ್ಯಾರು ಎಂದು ಅಜ್ಜಿಯನ್ನು ಕೇಳಿದಳು.

"ಯಾರೋ ಫೋಟೋದೋನು ಕಣಮ್ಮ. ಚಳಿಜ್ವರ ಬಂದ್ಬುಟ್ಟೈತೆ. ಹಲ್ಲು ಹೆಂಗ್ ಕಡೀತಾವ್ನೆ ಕೇಳು."

ಬೆವರಿನಲ್ಲಿ ತೊಯ್ದು ಮುಸುಕು ತೆಗೆದರೆ, ಸದ್ಯ ಜ್ವರ ಬಿಟ್ಟಿತು ಎಂದು ಇಬ್ಬರಿಗೂ ಸಮಾಧಾನ. ಮೇಲೊಂದು ಲೋಟ ಮೆಣಸಿನ ಕಷಾಯ. ವಿವರಿಸುವುದಕ್ಕಿಂತ ಕುಡಿಯುವುದೇ ಸಲೀಸು ಎನ್ನಿಸಿ ಕುಡಿದೆ.

ಮೂಟೆ

ಕಣ್ಣಿಗೆ ಕಾಣದ್ದು ಇವನ ಕ್ಯಾಮೆರಾಕ್ಕೆ ಕಾಣುತ್ತದೆ ಎಂಬ ಸುದ್ದಿ ಪಾವಗಡದವರೆಗೂ ಹೋಯಿತು. ಅಲ್ಲಿಂದ ಒಬ್ಬ ಕಡಲೆಕಾಯಿ ವ್ಯಾಪಾರಿ ಬಂದ. ಮೂಟೆ ಬಿಚ್ಚದೆ ಒಳಗಿನ ಕಾಯಿ ಜೊಳ್ಳೋ ಗಟ್ಟಿಯೋ ನೋಡಿ ಹೇಳಬೇಕಂತೆ. "ಲೋಪಲ ಕಾಣ್ತದಾ ಸಾರ್?" ಎಂದ. ಒಳಗಿನದು ಕಾಣುವುದಿಲ್ಲ, ಎಲೆ ಬೆಳ್ಳಗೆ ಕಾಣುತ್ತದೆ, ಅಷ್ಟೇ ಎಂದೆ. ಆತ ಮೇಜಿನ ಮೇಲಿದ್ದ ಮರದ ಫೋಟೋ ಎತ್ತಿಕೊಂಡ.

"ಹಸಿರಾಗಿ ಚೆಂದಾಗೇ ಐತಲ್ಲ ಸಾರ್. ಯಾಕೆ ಬೆಳ್ಳಗೆ ಮಾಡ್ತೀರಾ?"



ಬದು

ರೀಲನ್ನು ಎಷ್ಟು ಎಳೆಯಬೇಕೆಂದು ತಿಳಿಯಲು ನನ್ನ ಕ್ಯಾಮೆರಾದೊಳಗೆ ಒಂದು ಪುಟಾಣಿ ದೀಪವಿದೆ. ಅದು ರೀಲಿನ ಅಂಚಿನ ತೂತುಗಳನ್ನು ಎಣಿಸುತ್ತದೆ. ಆ ದೀಪದ್ದೂ ಇನ್‌ಫ್ರಾರೆಡ್ ಬೆಳಕೇ. ಬೇರೆ ರೀಲಿಗೆ ತೊಂದರೆಯಿಲ್ಲ, ಈ ರೀಲಿಗೆ ಮಾತ್ರ ಅದು ಬಿಸಿಲಿದ್ದಂತೆ. ಹಾಗಾಗಿ ಪ್ರತಿ ಫೋಟೋದ ಒಂದು ಅಂಚಿನಲ್ಲಿ ಬೆಳ್ಳನೆಯ ಪಟ್ಟಿ.

ತಾವರೆಕೆರೆಯ ರೈತನೊಬ್ಬನ ಹೊಲದ ಬೇವಿನಮರ ತೆಗೆದು, ಅವನಿಗೂ ಒಂದು ಪ್ರಿಂಟು ಕೊಟ್ಟಿದ್ದೆ. ಪಕ್ಕದ ಹೊಲದವನು ನಡುವಿನ ಬದುವನ್ನು ಉತ್ತುಬಿಟ್ಟಿದ್ದಾನೆಂದು ಅವನ ತಕರಾರಿತ್ತು. ಫೋಟೋದ ಕೆಳಗಿನ ಪಟ್ಟಿ ನೋಡಿದ್ದೇ ತಡ, ಇದೇ ಆ ಬದು ಎಂದು ಪಂಚಾಯ್ತಿ ಸೇರಿಸಿ ನನ್ನನ್ನೂ ಕರೆಸಿದ. ಅದು ದೀಪದ ಬೆಳಕು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಹೊಲದವನು ಮಾತ್ರ ಬೇರೆ ಫೋಟೋ ಇದ್ದರೆ ತೋರಿಸಿ ಎಂದ. ಅದೇ ಮರವನ್ನು ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ತೆಗೆದದ್ದೊಂದು ಚೀಲದಲ್ಲಿತ್ತು, ಕೊಟ್ಟೆ. ಆತ ನಿಧಾನವಾಗಿ ನೋಡಿದ.

"ಇದ್ರಾಗೆ ನಿನ್ ಬದು ಎದ್ದು ಮರದ ಪಕ್ಕದಾಗೆ ನಿಂತ್ಬುಟ್ಟೈತಲ್ಲ ಕಣ್ಲಾ."

ಕರಿ ಕೋಟು

ಆ ತಕರಾರು ಶಿರಾದ ಕೋರ್ಟಿಗೆ ಹೋಯಿತು. ರೈತನ ವಕೀಲರು ಫೋಟೋವನ್ನು ಸಾಕ್ಷಿಗೆ ಬೇಡವೆಂದರು, ಆದರೆ ಅದರ ಕಪ್ಪು ಆಕಾಶಕ್ಕೆ ಮರುಳಾದರು. ಅವರ ಸೀನಿಯರ್ ವೃತ್ತಿ ಬಿಡುವವರಿದ್ದರು. ವಾದ ಮಾಡುವಾಗ ಬಿಟ್ಟರೆ ಬಾಯಿ ತೆರೆಯದ, ಯಾರಿಂದಲೂ ನಗಿಸಲಾಗದ ಮನುಷ್ಯ. ಅವರನ್ನು ಮಧ್ಯೆ ಕೂರಿಸಿ ನಮ್ಮ ವಕೀಲರೆಲ್ಲರದೂ ಇದೇ ಥರದ ಗ್ರೂಪ್ ಫೋಟೋ ತೆಗೆದುಕೊಡಿ, ಬೀಳ್ಕೊಡುಗೆಗೆ ಅದೇ ಉಡುಗೊರೆ ಎಂದರು. ಅಂಚು ಕತ್ತರಿಸಿಕೊಡುತ್ತೇನೆಂದು ಒಪ್ಪಿ, ಎಲ್ಲರನ್ನೂ ಬಿಸಿಲಲ್ಲಿ ಅಲುಗಾಡದಂತೆ ನಿಲ್ಲಿಸಿ ತೆಗೆದೆ.

ರೀಲು ತೊಳೆದು ಪ್ರಿಂಟು ಹಾಕಿದೆ. ಬಟ್ಟೆಗೆ ಹಾಕುವ ಎಷ್ಟೋ ಕರಿ ಬಣ್ಣಗಳು ಈ ರೀಲಿಗೆ ಕರಿಯೇ ಅಲ್ಲ. ಆಕಾಶವೇನೋ ಕಪ್ಪಗೇ ಬಂದಿತ್ತು, ಕೋಟುಗಳೆಲ್ಲ ಬೆಳ್ಳಗಾಗಿದ್ದವು. ಯಾವ ಕಾಲದ ಬಣ್ಣವೋ, ಸೀನಿಯರ್ ಅವರ ಹಳೇ ಕೋಟು ಮಾತ್ರ ಕಪ್ಪಾಗೇ ಉಳಿದಿತ್ತು. ಮತ್ತೆ ತೆಗೆಯಲು ಹೊತ್ತಿರಲಿಲ್ಲ. ಕೊಡುವುದು ಬೇಡ ಎಂದು ಬೇಡಿಕೊಂಡೆ. ಬೇರೆ ಉಡುಗೊರೆ ತಂದಿರಲಿಲ್ಲವಾದ್ದರಿಂದ ಅದನ್ನೇ ಕಟ್ಟು ಹಾಕಿಸಿ ಕೊಟ್ಟರು. ನಾನು ಬೀಳ್ಕೊಡುಗೆ ಸಭೆಯ ಬಾಗಿಲ ಹತ್ತಿರವೇ ನಿಂತಿದ್ದೆ, ಓಡಲು ಅನುಕೂಲವೆಂದು.

ಸೀನಿಯರ್ ಕಾಗದ ಬಿಚ್ಚಿದರು. ಕನ್ನಡಕ ಹಾಕಿಕೊಂಡರು. ಅವರ ಭುಜ ಮೆಲ್ಲಗೆ ಕುಲುಕತೊಡಗಿತು. ಅಳುತ್ತಿದ್ದಾರೆಂದೇ ನಾನು ತಿಳಿದೆ. ಆಮೇಲೆ ತಲೆಯೆತ್ತಿ, ಕಣ್ಣೊರೆಸಿಕೊಂಡು ಹೇಳಿದರು:

"ಇದರಲ್ಲಿ ವಕೀಲ ನಾನೊಬ್ಬನೇ ಕಣ್ರಯ್ಯಾ. ನೀವೆಲ್ಲ ಊಟ ಬಡಿಸೋಕೆ ಬಂದೋರು."