ನಿದ್ದೆಗಣ್ಣಿನಲ್ಲಿ ಬಿ.ಎ.

ಬಣ್ಣ ಹಚ್ಚಿಕೊಳ್ಳುವ ಮುಖ ಪುಸ್ತಕದ ಕಡೆ ತಿರುಗಿದರೆ ಏನಾದರೊಂದು ಎಡವಟ್ಟು ಆಗುತ್ತದೆ. ನನಗೆ ಮೂರು ವರ್ಷ ಬಿಡದೆ ಆಗುತ್ತಲೇ ಇತ್ತು.

ಎಪ್ಪತ್ತರ ದಶಕದ ಮಾತು. ಟಿ.ವಿ. ಎಂಬುದನ್ನು ನಾವು ಪೇಪರಿನಲ್ಲಿ ಓದಿದ್ದೆವೇ ಹೊರತು ಕಂಡಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಸುಗ್ಗಿ ಮುಗಿಯಿತೆಂದರೆ ಹಳ್ಳಿ ಹಳ್ಳಿಯಲ್ಲೂ ರಾಜರ ನಾಟಕ. ರಾಜ, ಮಂತ್ರಿ, ಸೇನಾಪತಿ ಎಲ್ಲ ಊರಿನ ಗಂಡಸರೇ. ರಾಣಿ ಮಾತ್ರ ಹೊರಗಿನಿಂದ ಬರಬೇಕು. ಆ ಹೊರಗಿನ ರಾಣಿ ನಾನು. ಮಂಡ್ಯದಲ್ಲಿ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಜೊತೆ ಇದ್ದೆ. ಅಮ್ಮ ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾಡಿದವಳು, ಓದು ಬರಹ ಕಾಣದವಳು. ನನಗೆ ಹೇಗಾದರೂ ಬಿ.ಎ. ಮಾಡಿ, ಮುಖದ ಬಣ್ಣ ತೊಳೆದ ಮೇಲೂ ಬದುಕುವಂತಾಗಬೇಕು ಎಂಬ ಆಸೆ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ನಾಟಕ ಮುಗಿಸಿ ಬಂದು ಓದು, ಓದುತ್ತಾ ನಿದ್ದೆ, ನಿದ್ದೆಯಲ್ಲಿ ಮತ್ತೆ ನಾಟಕ. ಆ ಮೂರು ವರ್ಷ ಇವತ್ತಿಗೂ ನನಗೆ ನೆನಪಾಗುವುದು ಅರೆಗಣ್ಣಿನಲ್ಲಿ ಕಂಡ ಹಾಗೆ, ಅಂಚುಗಳೆಲ್ಲ ಮಸುಕು ಮಸುಕಾಗಿ.

ರಥ ನಿಂತದ್ದು

ಮಳವಳ್ಳಿ ಕಡೆಯ ಒಂದು ಊರಿಗೆ ಮಧ್ಯಾಹ್ನದ ಬಸ್ಸಿನಲ್ಲಿ ಹೊರಟಿದ್ದೆ. ಟ್ರಂಕು ಮೇಲೆ, ಅರ್ಥಶಾಸ್ತ್ರದ ಪಾಠ ತೊಡೆಯ ಮೇಲೆ, ಪಕ್ಕದಲ್ಲಿ ಕಿಟಕಿ. ಹೊರಗೆ ಕಬ್ಬು ಬೆಳ್ಳಗೆ ಸೂಲಂಗಿ ಹೂ ಬಿಟ್ಟು ಗಾಳಿಗೆ ತೂಗುತ್ತಿತ್ತು. ನೋಡ್ತಾ ನೋಡ್ತಾ ಅದೆಲ್ಲ ಮೋಡವಾಯಿತು. ನಾನು ಮೋಡದ ಮೇಲೆ ರಥದಲ್ಲಿ ಹೋಗುತ್ತಿದ್ದೆ. ಬೇಡಿಕೆ, ಪೂರೈಕೆ ಎಂಬ ಇಬ್ಬರು ಸಖಿಯರು ಎಡಕ್ಕೂ ಬಲಕ್ಕೂ ನಿಂತು ಚಾಮರ ಬೀಸುತ್ತಿದ್ದರು. ಕೆಳಗೆ ನಾಲೆಯ ನೀರು ಹೊಳೆಯಿತು. ಎಷ್ಟು ಚೆನ್ನಾಗಿದೆ, ಸ್ವಲ್ಪ ನೋಡೋಣ ಅನ್ನಿಸಿ, "ಸಾರಥಿ, ರಥವನ್ನು ನಿಲ್ಲಿಸು" ಎಂದೆ.

ಮೈಕಿಲ್ಲದೆ ಕೊನೆಯ ಸಾಲಿಗೂ ಕೇಳಿಸಿ ಅಭ್ಯಾಸವಾದ ಗಂಟಲು. ಡ್ರೈವರ್ ಬ್ರೇಕ್ ಒತ್ತಿದ. ಕಂಡಕ್ಟರ್ ಹತ್ತಿರ ಬಂದು ಇಲ್ಲೇ ಇಳಿಯುತ್ತೀರಾ ಎಂದು ಕೇಳಿದನಂತೆ, ಮುಂದೊಮ್ಮೆ ಅವನೇ ಹೇಳಿದ. ನಾನು ಕಣ್ಣು ಮುಚ್ಚಿಕೊಂಡೇ ರಾಣಿಯ ಗತ್ತಿನಲ್ಲಿ ತಲೆಯಾಡಿಸಿದೆನಂತೆ. ಟ್ರಂಕು ಇಳಿಸಿ, ನನ್ನನ್ನೂ ಮರ್ಯಾದೆಯಿಂದ ಇಳಿಸಿ, ಬಸ್ಸು ಹೋಯಿತು. ಎಚ್ಚರವಾದಾಗ ಒಂದು ಕಡೆ ನಾಲೆ, ಒಂದು ಕಡೆ ಕಬ್ಬು, ಮಧ್ಯದಲ್ಲಿ ನಾನು.

ಅರ್ಧ ಗಂಟೆಯ ಮೇಲೆ ಕಬ್ಬಿನ ಗಾಡಿಯೊಂದು ಬಂತು. ಗಾಡಿಯ ಯಜಮಾನ ವಯಸ್ಸಾದವರು. ಆದದ್ದನ್ನು ಆದಂತೆಯೇ ಹೇಳಿದೆ. ಅವರು ನಗಲಿಲ್ಲ. ಕಬ್ಬು ಸರಿಸಿ ಜಾಗ ಮಾಡಿ, ಹತ್ತಿಸಿಕೊಂಡು, ಗಾಡಿ ಹೊಡೆದರು. ಆಮೇಲೆ ತಿರುಗಿ ನೋಡದೆಯೇ ಹೇಳಿದರು:

"ಇದು ನಿಲ್ಸು ಅಂದ್ರೆ ನಿಲ್ಲಾಕಿಲ್ಲ ಕಣವ್ವ. ಎತ್ಗೊಳು ಮನೆ ಕಂಡ ಮ್ಯಾಲೇ ನಿಲ್ಲೋದು."

ರಾಣಿ ಬೇಡಿದ ವರ

ಕೆರಗೋಡು ಕಡೆಯ ಹಳ್ಳಿ. ಆ ಊರಿನ ದೊಡ್ಡ ಜಮೀನುದಾರರೇ ರಾಜ. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ತಹಶೀಲ್ದಾರರು ಕೂತಿದ್ದರು. ಮರುವಾರ ನನಗೆ ಚರಿತ್ರೆಯ ಪರೀಕ್ಷೆ. ಪರದೆಯ ಹಿಂದೆ ಕೂತು ಫ್ರಾನ್ಸಿನ ಕ್ರಾಂತಿಗೆ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದವಳು ಹಾಗೇ ಎದ್ದು ರಂಗದ ಮೇಲೆ ಹೋದೆ.

ರಾಜ ಸಂತೋಷಗೊಂಡು, ರಾಣಿ, ಏನು ಬೇಕೋ ಬೇಡು ಎನ್ನಬೇಕು. ನಿಮ್ಮ ಪಾದಸೇವೆಯೊಂದೇ ಸಾಕು ಎಂದು ನಾನು ನಾಚಬೇಕು. ಅವರು ಬೇಡು ಎಂದರು. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಲಿದ್ದೇನೆಂದು ಒಂದು ಗಳಿಗೆ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಇಷ್ಟು:

"ಪ್ರಭು, ರೈತರ ಮೇಲೆ ತೆರಿಗೆಯ ಹೊರೆ ವಿಪರೀತವಾಗಿದೆ. ಇಳಿಸದಿದ್ದರೆ ಪ್ರಜೆಗಳು ದಂಗೆ ಏಳುತ್ತಾರೆ."

ಹಾರ್ಮೋನಿಯಂ ನಿಂತುಹೋಯಿತು. ಆಮೇಲೆ ಎದ್ದಿತು ನೋಡಿ ಸಿಳ್ಳೆ, ಟವೆಲುಗಳು ಗಾಳಿಯಲ್ಲಿ ಹಾರಿದವು. ರಾಜರಿಗೆ ತಥಾಸ್ತು ಎಂಬ ಒಂದೇ ಮಾತಿತ್ತು. ಜನ ಕೂಗುವುದನ್ನು ನೋಡಿ ಅವರಿಗೂ ಉತ್ಸಾಹ ಬಂತು. ಆಗ ಸರ್ಕಾರ ರೈತರ ಮನೆ ಮನೆಯಿಂದ ಲೆವಿ ಎಂದು ಭತ್ತ ಅಳೆಸಿಕೊಳ್ಳುತ್ತಿದ್ದ ಕಾಲ. "ತಥಾಸ್ತು. ಲೆವಿ ಭತ್ತನೂ ಬುಟ್ಟೆ" ಎಂದುಬಿಟ್ಟರು.

ಯಾರೋ ಎದ್ದುನಿಂತು, ಇದು ನಿಜವೋ ನಾಟಕವೋ ಎಂದು ತಹಶೀಲ್ದಾರರನ್ನೇ ಕೇಳಿದರು. ಅವರು ಹಾರ ಸರಿಮಾಡಿಕೊಂಡು ಗಂಭೀರವಾಗಿ ಎದ್ದರು.

"ರಾಜರು ಹೇಳಿದ್ದು ಸರಿ. ಆದರೆ ಬರವಣಿಗೆಯಲ್ಲಿ ಬರಬೇಕು."

ಮದ್ದೂರಿನ ಪಾಠ

ಇಂಗ್ಲಿಷ್ ನನಗೆ ತಲೆಗೆ ಹತ್ತುತ್ತಿರಲಿಲ್ಲ. ಮದ್ದೂರಿನಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರು ಹೇಳಿಕೊಡಲು ಒಪ್ಪಿದರು. ಶಿಸ್ತಿನವರು. ನಾಟಕವೆಂದರೆ ಮುಖ ಸಿಂಡರಿಸುತ್ತಿದ್ದರು. ಅವರ ಹೆಂಡತಿಗೆ ಮಾತ್ರ ನಾಟಕವೆಂದರೆ ಪ್ರಾಣ. ಕಾಫಿ ತಂದಿಟ್ಟು, ನಿನ್ನೆ ಯಾವ ನಾಟಕ, ರಾಣಿಗೆ ಏನಾಯಿತು ಎಂದು ಕೇಳುತ್ತಾ ಕೂತುಬಿಡುತ್ತಿದ್ದರು. ಹಿತ್ತಿಲ ಬಿಸಿಲು ಒಳಗೆ ಬಂದು, ಹಂಡೆಯ ಮೇಲೆ ಕೂತು, ಇಳಿದು ಹೋಗುವವರೆಗೂ ನಾನು ಹೇಳುತ್ತಿದ್ದೆ. ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಪೇಪರ್ ಓದುತ್ತಿದ್ದರು.

ಹದಿನೈದು ದಿನವಾದ ಮೇಲೆ ಅವರು ಪೇಪರ್ ಮಡಿಸಿಟ್ಟು, ಇವತ್ತು ಕತೆ ಬೇಡ, ವ್ಯಾಕರಣ ಮಾತ್ರ ಎಂದು ಕಡ್ಡಿ ಮುರಿದಂತೆ ಹೇಳಿದರು. ಹಾಗಾದರೆ ಕಾಫಿಯೂ ಇಲ್ಲ ಎಂದು ಹೆಂಡತಿ ಒಳಗೆ ಹೋದರು. ನಾನು ತಲೆ ತಗ್ಗಿಸಿ ನೋಟ್‌ಬುಕ್ ತೆಗೆದು, ಅವರು ಹೇಳಿದ ವಾಕ್ಯ ಬರೆದುಕೊಂಡೆ. ಇನ್ನೊಂದು ವಾಕ್ಯಕ್ಕೆ ಕಾದೆ. ಮೇಷ್ಟ್ರು ಹೆಂಡತಿ ಹೋದ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಆ ರಾಣಿಯನ್ನು ಸೆರೆಮನೆಗೆ ಹಾಕಿದ್ರಲ್ಲಮ್ಮಾ, ಬಿಟ್ಟರೋ ಇಲ್ಲವೋ?"

ಫೋಟೋದಲ್ಲಿದ್ದವಳು

ಕೊನೆಯ ವರ್ಷದ ಅರ್ಜಿಗೆ ಫೋಟೋ ಅಂಟಿಸಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ, ವೇಷದಲ್ಲಿ ತೆಗೆಸಿದ್ದು. ಅದನ್ನೇ ಕತ್ತರಿಸಿ ಅಂಟಿಸಿದೆ. ಯಾರೂ ಏನೂ ಅನ್ನದೆ ಹಾಲ್ ಟಿಕೆಟ್ ಬಂತು.

ಮಂಡ್ಯದಲ್ಲಿ ಪರೀಕ್ಷೆ. ಹಿಂದಿನ ದಿನ ನಾಟಕವಿತ್ತು, ಮೊದಲ ಬಸ್ಸಿಗೆ ಬಂದಿದ್ದೆ. ಎಣ್ಣೆ ಹಾಕಿ ಬಿಗಿದ ಜಡೆ, ವಾಯಿಲ್ ಸೀರೆ, ಊದಿದ ಕಣ್ಣು. ಪರೀಕ್ಷಾ ಕೊಠಡಿಯಲ್ಲಿದ್ದ ಯುವ ಲೆಕ್ಚರರು ನನ್ನ ಹಾಲ್ ಟಿಕೆಟ್ ಎತ್ತಿ ನೋಡಿದರು. ಕಿರೀಟ, ಬಿಲ್ಲಿನಂಥ ಹುಬ್ಬು, ಬುಗುಡಿ, ದೊಡ್ಡ ನತ್ತು. ನನ್ನನ್ನು ನೋಡಿದರು. "ಇದು ಯಾವ ದೇವರ ಫೋಟೋನಮ್ಮ?" ಎಂದರು.

ನಾನೇ ಎಂದೆ. ನಂಬಲಿಲ್ಲ. ವಯಸ್ಸಾದ ಪ್ರಿನ್ಸಿಪಾಲರನ್ನು ಕರೆಸಿದರು. ಮುಖಕ್ಕೂ ಫೋಟೋಕ್ಕೂ ಹೊಂದದಿದ್ದರೆ ಬರೆಯಲು ಬಿಡುವ ಹಾಗಿಲ್ಲ ಎಂದು ಅವರು ಬೇಸರದಿಂದಲೇ ಹೇಳಿದರು. ಪ್ರಶ್ನೆಪತ್ರಿಕೆ ಹಂಚಿ ಆಗಿತ್ತು. ಎಲ್ಲರೂ ಬರೆಯುತ್ತಿದ್ದರು. ಮೂರು ವರ್ಷದ ಬಸ್ಸು, ನಿದ್ದೆ, ಪುಸ್ತಕ ಎಲ್ಲ ಕಣ್ಣ ಮುಂದೆ ಕರಗುತ್ತಿದ್ದ ಹಾಗೆ ಅನ್ನಿಸಿತು. ಏನಾದರೂ ಹೇಳಬೇಕೆಂದರೆ ನನ್ನದು ಎಂಬ ಒಂದು ಮಾತೂ ಹೊರಡಲಿಲ್ಲ. ಹೊರಟದ್ದು ರಾಣಿಯದು.

"ಈ ಅರಮನೆಯಲ್ಲಿ ನನ್ನ ಗುರುತು ಹೇಳುವವರು ಒಬ್ಬರೂ ಇಲ್ಲವೇ? ಒಡವೆ ಕಳಚಿದ ಮಾತ್ರಕ್ಕೆ ರಾಣಿಯಾದವಳು ಯಾರೂ ಅಲ್ಲದೆ ಹೋದಳೇ?"

ಮೊದಲ ಮಾತು ನಾಟಕದ್ದು. ಎರಡನೆಯದು ಬರುವಷ್ಟರಲ್ಲಿ ನಿಜವಾಗಿಯೇ ಅಳುತ್ತಿದ್ದೆ. ಪೆನ್ನುಗಳೆಲ್ಲ ನಿಂತವು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. "ಕೂತ್ಕೊಂಡು ಬರಿಯಮ್ಮ" ಎಂದು ಹಾಲ್ ಟಿಕೆಟ್ಟಿಗೆ ತಾವೇ ಸಹಿ ಹಾಕಿದರು.

ಆವತ್ತಿನ ವಿಷಯ ರಾಜ್ಯಶಾಸ್ತ್ರ. ಫಲಿತಾಂಶ ಅಂಚೆಯಲ್ಲಿ ಬಂತು. ಉಳಿದದ್ದೆಲ್ಲ ಪಾಸು, ಊರೂರು ಆಳಿದ ರಾಣಿ ರಾಜ್ಯಶಾಸ್ತ್ರದಲ್ಲಿ ಫೇಲು. ಅಕ್ಟೋಬರಿನಲ್ಲಿ ಬರೆದು ಪಾಸಾದೆ, ಮಳವಳ್ಳಿಯಲ್ಲಿ ಟೀಚರ್ ಕೆಲಸವೂ ಸಿಕ್ಕಿತು. ಆದರೆ ಆ ದಿನ ಅದೆಲ್ಲ ಯಾರಿಗೆ ಗೊತ್ತು? ಕಾಗದ ಹಿಡಿದು ಹೊಸ್ತಿಲ ಮೇಲೆ ಕೂತು ಅಳುತ್ತಿದ್ದೆ. ಅಮ್ಮ ಕೈ ಒರೆಸಿಕೊಂಡು ಬಂದು, ಏನು ಬರೆದವರೆ ಎಂದು ಕೇಳಿದಳು. ಒಂದು ಪೇಪರ್ ಇನ್ನೊಂದು ಸಲ ಬರೆಯಬೇಕಂತೆ ಎಂದೆ.

ಅಮ್ಮನ ಮುಖ ಅರಳಿತು. ಪಕ್ಕದಲ್ಲಿ ಕೂತು ನನ್ನ ತಲೆ ಸವರಿದಳು.

"ಒನ್ಸ್ ಮೋರ್ ಅಂದವ್ರೆ ಅನ್ನು. ಅಷ್ಟು ವರ್ಸ ಹಾಡಿದ್ರೂವೆ ನಂಗೆ ಬಂದಿದ್ದು ಮೂರೇ ಸಲ ಕಣಮ್ಮ. ನೀನು ಮೊದಲ್ನೇ ಸಲಕ್ಕೇ ತಕ್ಕೊಂಡಿದ್ದೀಯ, ಅದ್ಕೆ ಯಾಕಳ್ತೀಯ ಬುಡು."