ಡಿಟ್ಟೋ ಎಂದರೆ ಇನ್ನೊಂದು ಉಂಡಿ

ಒಪ್ಪಿಗೆ ಸೂಚಿಸಲು ದೇವರು ಮನುಷ್ಯನಿಗೆ ತಲೆ ಕೊಟ್ಟಿದ್ದಾನೆ, ಅಲ್ಲಾಡಿಸಿದರೆ ಸಾಕು. ಆದರೆ ಬಿ.ಎ. ಆದ ತಲೆ ಅಷ್ಟು ಅಗ್ಗವಾಗಿ ಅಲ್ಲಾಡಬಾರದೆಂದು ನನಗೆ ಆಗ ಅನ್ನಿಸಿತ್ತು. ಅದಕ್ಕೇ ಕಾಲೇಜಿನಿಂದ ಗೋಕಾಕಿಗೆ ಮರಳುವಾಗ ಒಂದು ಇಂಗ್ಲಿಷ್ ಶಬ್ದ ಹೊತ್ತು ತಂದಿದ್ದೆ: 'ಡಿಟ್ಟೋ'. ಎದುರಿನವರು ಹೇಳಿದ್ದೇ ನನ್ನದೂ ಎಂದು ಅರ್ಥ. ಕಾಕಾ "ಬಿಸಲು ಭಾಳ ಐತಿ" ಎಂದರೆ ಡಿಟ್ಟೋ. ಅವ್ವ "ಸಾರು ಉಪ್ಪಾಗೇತಿ" ಎಂದರೂ ಡಿಟ್ಟೋ. ಸ್ವಂತ ಅಭಿಪ್ರಾಯದ ತಾಪತ್ರಯವೇ ಇಲ್ಲ. ಕಾಕಾ ಮಾತ್ರ ಹೆಮ್ಮೆಯಿಂದ, "ನಮ್ಮ ಹುಡುಗ ಇಂಗ್ಲಿಷಿನ್ಯಾಗ ಹೂಂ ಅಂತಾನ" ಎಂದು ಊರಿಗೆಲ್ಲ ಹೇಳುತ್ತಿದ್ದರು.

ಆ ಶಬ್ದವನ್ನು ನಾಲಗೆಯ ಮೇಲಿಟ್ಟುಕೊಂಡೇ ಅವರೊಂದಿಗೆ ಹುಕ್ಕೇರಿಗೆ ಕನ್ಯೆ ನೋಡಲು ಹೋದೆ. ಅಲ್ಲಿ ಕೊಟ್ಟದ್ದು ಶೇಂಗಾ ಉಂಡಿ ಎಂದು ನನ್ನ ನೆನಪು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ಅದು ಬೇರೆ ಮಾತು. ಕಾಕಾ ಒಂದು ತಿಂದು "ಭೇಷ್ ಆಗ್ಯಾವ್ರಿ" ಎಂದರು. ನಾನು "ಡಿಟ್ಟೋ" ಎಂದೆ. ಬಾಗಿಲ ಮರೆಯಲ್ಲಿ ಹುಡುಗಿಯ ತಾಯಿ, "ಏನ ಬೇಕಂತವಾ ಅವರಿಗೆ?" ಎಂದು ಪಿಸುಗುಟ್ಟಿದರು. "ಇನ್ನೊಂದ ಉಂಡಿ ಅಂತ ಕಾಣತೈತಿ" ಎಂದು ಹುಡುಗಿಯೇ ಬಂದು ನನ್ನ ತಾಟಿಗೆ ಹಾಕಿದಳು. ಹಾಕಿ ಕಿಸಕ್ಕನೆ ನಕ್ಕಳು. ಆ ನಗೆಗೇ ನಾನು ಸೋತದ್ದು.

ಕಾಕಾಗೆ ಆ ನಗು ಸೇರಲಿಲ್ಲ. ಧೋತರ ಕೊಡವಿ ಎದ್ದು, "ಊರಿಗೆ ಹೋಗಿ ತಿಳಸ್ತೇವ್ರಿ" ಎಂದರು. ನಮ್ಮ ಕಡೆ ಹಾಗೆಂದರೆ ಸಂಬಂಧ ಬೇಡವೆಂದೇ ಅರ್ಥ. ನನಗೆ ಬೇಕೇ ಬೇಕೆನ್ನಲು ಬಾಯಿ ತೆರೆದೆ. ನಾಲಗೆ ಮಾತ್ರ ರೂಢಿಯಂತೆ "ಡಿಟ್ಟೋ" ಎಂದಿತು.

ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಒಳಗಿನಿಂದ ಅವಳ ಕೂಗು: "ಅಪ್ಪಾ, ಅವರನ್ನ ನಿಂದ್ರಸು! ಇನ್ನೊಂದ ಉಂಡಿ ಬೇಕಂತ!"

ಉಂಡಿ ಬಂತು. ಎದ್ದವರು ಮತ್ತೆ ಕೂತೆವು. ಬಾಯಿ ತುಂಬ ಉಂಡಿ ಇಟ್ಟುಕೊಂಡೇ ನಾನು, ಯಾರ ಮಾತಿನ ಬೆನ್ನು ಹತ್ತದೆ, "ಕಾಕಾ, ಹುಡುಗಿ ನನಗ ಪಸಂದ ಅದಾಳ್ರಿ" ಎಂದೆ. ಕಾಕಾ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, ತಮ್ಮ ಪಾಲಿನ ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು. "ನಂದೂ ಅದ… ಏನೋ ಅಂತೀಯಲ್ಲೋ ತಮ್ಮಾ… ಡಿಟ್ಟೋ!"

ಹೀಗೆಂದು ನಾನು ಹೇಳುತ್ತೇನೆ. ಹೆಂಡತಿಯ ನೆನಪು ಬೇರೆ. "ಎಲ್ಲೀ ಪಸಂದ್ರಿ? ಬಾಯಾಗ ಉಂಡಿ ತುಂಬಕೊಂಡು ಬರೇ ಹೂಂ ಹೂಂ ಅಂದ್ರಿ. ಅದಕ್ಕ ಪಸಂದ ಅಂತ ಅರ್ಥಾ ಹೇಳಿದಾಕಿ ನಾನು, ಬಾಗಲದಾಗ ನಿಂತು!"

ಇರಬಹುದೇ? ಇದನ್ನು ಯೋಚಿಸಿಯೇ ಉತ್ತರ ಕೊಡಬೇಕೆಂದು ಕೂತಿದ್ದೆ. ನಾಲಗೆ ಆಗಲೇ "ಡಿಟ್ಟೋ" ಎಂದುಬಿಟ್ಟಿದೆ.